ಮೊಡವೆ ಮುಖ, ಮಲೆನಾಡಿನ ಹವೆ: ಕಡಲೆ ಹಿಟ್ಟಿನಿಂದ ಅಡಾಪಲೀನ್ ತನಕ ಬಳಸಿ ನೋಡಿದ್ದು

ನನ್ನ ಕೆಲಸ ಶಿವಮೊಗ್ಗದಲ್ಲಿ, ಮನೆ ತೀರ್ಥಹಳ್ಳಿ ಕಡೆ. ನಡುವೆ ಸುಮಾರು 60 ಕಿಲೋಮೀಟರ್. ಮೊಡವೆ ಬರುವ ಮುಖಕ್ಕೆ ಮಾತ್ರ ಎರಡೂ ಕಡೆಯ ಹವೆ ಪೂರ್ತಿ ಬೇರೆ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು 36-37 ಡಿಗ್ರಿ ಮುಟ್ಟುತ್ತದೆ. ಹೆಲ್ಮೆಟ್ ಹಾಕಿಕೊಂಡು ತುಂಗಾ ಸೇತುವೆ ದಾಟುವಷ್ಟರಲ್ಲಿ ಹಣೆ, ಗಲ್ಲ ಎಲ್ಲ ಜಿಡ್ಡು. ಜೂನ್ ಬಂತೆಂದರೆ ಮನೆ ಕಡೆ ಟವೆಲ್ಲೇ ಒಣಗುವುದಿಲ್ಲ. ಒಣ ಹವೆಯ ಊರಿನವರು ಹೊಗಳಿದ ಕ್ರೀಮನ್ನು ತಂದು ಹಚ್ಚಿದರೆ ಇಲ್ಲಿ ಅದು ಮಧ್ಯಾಹ್ನದೊಳಗೆ ಕುತ್ತಿಗೆಗೆ ಇಳಿದಿರುತ್ತದೆ. ಅದಕ್ಕೇ ನಮ್ಮ ಹವೆಯಲ್ಲೇ ಒಂದರ ಪಕ್ಕ ಒಂದು ಇಟ್ಟು ಬಳಸಿದ್ದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀರಿನ ಜೊತೆ ಹರಿದುಹೋಗುವ ಫೇಸ್ ವಾಶ್‌ಗೆ ಕಮ್ಮಿ ದುಡ್ಡು ಹಾಕಿ. ಮುಖದ ಮೇಲೆ ಗಂಟೆಗಟ್ಟಲೆ ಉಳಿಯುವ ಔಷಧಿಗೆ, ಸನ್‌ಸ್ಕ್ರೀನ್‌ಗೆ ಜಾಸ್ತಿ ಹಾಕಿ.

ಮೊದಲು ತೊಳೆಯುವ ವಿಷಯ. ಸ್ನಾನದ ಸೋಪನ್ನು ನಾನು ಮುಖಕ್ಕೆ ಒಪ್ಪುವುದಿಲ್ಲ. ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9-10 ಇರುತ್ತದೆ, ಚರ್ಮದ್ದು 5ರ ಆಸುಪಾಸು. ತೊಳೆದ ಕೂಡಲೇ ಮುಖ ಬಿಗಿಯುತ್ತದಲ್ಲ, ಅದನ್ನು ಸುಮಾರು ಜನ ‘ಕ್ಲೀನ್ ಆಯ್ತು’ ಅಂದುಕೊಳ್ಳುತ್ತಾರೆ. ಚರ್ಮದ ಮೇಲ್ಪದರ ಒಣಗಿದಾಗ ಹಾಗೆ ಬಿಗಿಯುತ್ತದೆ. ಅದರ ಮೇಲೆ ಮೊಡವೆ ಔಷಧಿ ಬಿದ್ದರೆ ಉರಿ ಗ್ಯಾರಂಟಿ.

ಕಡಲೆ ಹಿಟ್ಟಿನ ಮೇಲೆ ನನಗೆ ಪ್ರೀತಿ ಇದೆ. ಎಣ್ಣೆ ಸ್ನಾನದ ದಿನ ಮೈಯ ಎಣ್ಣೆ ತೆಗೆಯಲು ಅದೇ ಸರಿ. ಮುಖದ ಜಿಡ್ಡೂ ಹೋಗುತ್ತದೆ, ಸೋಪಿನ ಹಾಗೆ ಬಿಗಿಯುವುದಿಲ್ಲ. ಆದರೆ ಹಿಟ್ಟು ಕೈಗೆ ಬಂದರೆ ಯಾರಿಗಾದರೂ ತಿಕ್ಕಬೇಕು ಅನಿಸುತ್ತದೆ. ಊದಿದ ಮೊಡವೆಯನ್ನು ತಿಕ್ಕಿದರೆ ಒಡೆದು, ತಿಂಗಳುಗಟ್ಟಲೆ ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಬಚ್ಚಲಲ್ಲಿಟ್ಟ ಡಬ್ಬಿಯ ಹಿಟ್ಟು ಗಂಟು ಕಟ್ಟಿ ಮುಗ್ಗಲು ವಾಸನೆ ಹೊಡೆಯುತ್ತದೆ. ಅದನ್ನಂತೂ ಮುಖಕ್ಕೆ ಹಾಕಲೇಬೇಡಿ. ದಾಸವಾಳ ಸೊಪ್ಪಿನ ಗೊಂಪು, ಅಂದರೆ ಸೊಪ್ಪು ಕಿವುಚಿ ತೆಗೆದ ಲೋಳೆ, ಇದಕ್ಕಿಂತ ಮೆದು, ತಿಕ್ಕುವ ಕೆಲಸವೇ ಇಲ್ಲ. ಆದರೆ ಸನ್‌ಸ್ಕ್ರೀನ್ ಹಚ್ಚಿದ ದಿನ ಅದು ಸಾಕಾಗುವುದಿಲ್ಲ. ತಲೆಗೇ ಅದು ಚೆನ್ನ.

ಫೇಸ್ ವಾಶ್‌ನಲ್ಲಿ ಎರಡು ಬಗೆ ಇಟ್ಟುಕೊಂಡೆ. ಒಂದು 2% ಸ್ಯಾಲಿಸಿಲಿಕ್ ಆಮ್ಲ ಇರುವುದು, ಇನ್ನೊಂದು ಏನೂ ಔಷಧಿ ಇಲ್ಲದ ಮೆದುವಾದ್ದು. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದೊಳಗಿನ ಜಿಡ್ಡಿಗೆ ಇಳಿಯಬಲ್ಲದು. ಬೇಸಿಗೆಯಲ್ಲಿ ಕೆಲಸದಿಂದ ಬಂದ ಮೇಲೆ ಇದರಿಂದ ತೊಳೆದರೆ ಮೂಗಿನ ಕಪ್ಪು ಚುಕ್ಕೆ ಕಮ್ಮಿಯಾಗುತ್ತದೆ. ಊದಿದ ಮೊಡವೆಗೆ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅರ್ಧ ನಿಮಿಷದಲ್ಲಿ ತೊಳೆದು ಹೋಗುವುದು ಎಷ್ಟು ಕೆಲಸ ಮಾಡೀತು ಹೇಳಿ? ಬೆಳಗ್ಗೆ ಮೆದುವಾದ್ದು, ಬೇಸಿಗೆಯ ಸಂಜೆಗೆ ಸ್ಯಾಲಿಸಿಲಿಕ್, ಚಳಿಗಾಲದಲ್ಲಿ ಎರಡು ಹೊತ್ತೂ ಮೆದುವಾದ್ದೇ. ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ನಡುವೆ ಬೆವರು ಬಂದರೆ ಬರೀ ನೀರು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸುವುದು, ಅಷ್ಟು ಸಾಕು.

ಇನ್ನು ನಿಜವಾಗಿ ಮುಖ್ಯವಾದ ಹೋಲಿಕೆ: ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್. ಎರಡೂ ಮೊಡವೆಗೆ ಹಚ್ಚುವ ಔಷಧಿ, ಮೆಡಿಕಲ್ ಶಾಪಿನ ಸಣ್ಣ ಟ್ಯೂಬ್‌ಗಳು. ಮಾಡುವ ಕೆಲಸ ಬೇರೆ ಬೇರೆ.

ಬೆಂಜಾಯಿಲ್ ಪೆರಾಕ್ಸೈಡ್ ಮೊಡವೆಯೊಳಗಿನ ಬ್ಯಾಕ್ಟೀರಿಯಾವನ್ನು ಸಾಯಿಸುತ್ತದೆ. ಆ್ಯಂಟಿಬಯಾಟಿಕ್‌ಗೆ ಒಗ್ಗಿಕೊಳ್ಳುವ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಅದೇ ಇದರ ದೊಡ್ಡ ಗುಣ. 2.5% ಇರುವುದನ್ನೇ ಕೇಳಿ ತನ್ನಿ. ಕೆಂಪು ಮೊಡವೆಗೆ ಅದು 5%, 10%ರಷ್ಟೇ ಕೆಲಸ ಮಾಡುತ್ತದೆ, ಉರಿ ಕಮ್ಮಿ. ಶಿವಮೊಗ್ಗದ ಸೆಕೆಯಲ್ಲಿ ನನಗೆ ಬೇಗ ಫಲ ಕೊಟ್ಟಿದ್ದು ಇದೇ. ಹೊಸದಾಗಿ ಎದ್ದ ಕೆಂಪು ಮೊಡವೆ ಕೆಲವೇ ದಿನದಲ್ಲಿ ಚಪ್ಪಟೆಯಾಗುತ್ತಿತ್ತು. ತೊಂದರೆ ಎಂದರೆ ಬಟ್ಟೆಯ ಬಣ್ಣ ತಿನ್ನುತ್ತದೆ. ನನ್ನ ಹಸಿರು ದಿಂಬಿನ ಕವರ್ ಮೇಲೆ ಗಲ್ಲ ತಾಗುವ ಜಾಗದಲ್ಲಿ ಮಾಸಲು ಕೇಸರಿ ಬಣ್ಣದ ಪಟ್ಟೆ ಎದ್ದಿದೆ, ಇನ್ನು ಎಷ್ಟು ಒಗೆದರೂ ಹೋಗುವುದಿಲ್ಲ. ಬೆವರಿನ ಜೊತೆ ಇಳಿದು ಚೂಡಿದಾರದ ಕತ್ತಿಗೂ ಹತ್ತುತ್ತದೆ. ಅದಕ್ಕೆ ಒಳ್ಳೆಯ ಉಪಾಯ ಇದೆ. ಸಂಜೆ ಹಚ್ಚಿ, ಐದು ಹತ್ತು ನಿಮಿಷ ಬಿಟ್ಟು ತೊಳೆದುಬಿಡುವುದು. ಬೆನ್ನಿನ ಮೊಡವೆಗೆ ಸ್ನಾನಕ್ಕೆ ಮುಂಚೆ ಹೀಗೆ ಮಾಡಿದರೆ ಬಟ್ಟೆಯೂ ಉಳಿಯುತ್ತದೆ, ಮೊಡವೆಯೂ ಇಳಿಯುತ್ತದೆ.

ಅಡಾಪಲೀನ್ 0.1% ಜೆಲ್ ನಿಧಾನದ್ದು. ರಂಧ್ರ ಕಟ್ಟಿಕೊಳ್ಳುವುದನ್ನೇ ತಡೆಯುತ್ತದೆ, ಅಂದರೆ ಮುಂದೆ ಬರಬೇಕಾದ ಮೊಡವೆಗೆ ಇವತ್ತೇ ಔಷಧಿ. ಫಲ ನೋಡಲು 8ರಿಂದ 12 ವಾರ ಬೇಕು. ಮೊದಲ ಕೆಲವು ವಾರ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಮೊಡವೆ ಜಾಸ್ತಿಯಾದ ಹಾಗೂ ಕಾಣಬಹುದು. ಇಲ್ಲೇ ಸುಮಾರು ಜನ ಬಿಟ್ಟುಬಿಡುವುದು. ಬಿಡಬೇಡಿ, ದಿನ ಬಿಟ್ಟು ದಿನ ಹಚ್ಚಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ತೆಳುವಾಗಿ ಹರಡುವುದು. ಮೊಡವೆ ಎದ್ದ ಕಡೆಗೆ ಮಾತ್ರ ಹಚ್ಚಿದರೆ ಇದರ ಉಪಯೋಗ ಅರ್ಧ. ಮೂಗಿನ ಸಂದಿ, ತುಟಿಯ ಅಂಚು, ಕಣ್ಣಿನ ಸುತ್ತ ಬೇಡ. ಗರ್ಭಿಣಿಯರು, ಮಗು ಬೇಕು ಅಂದುಕೊಂಡವರು ಇದನ್ನು ಮುಟ್ಟಬಾರದು.

ಇದರಲ್ಲಿ ನಮ್ಮ ಮಲೆನಾಡಿನವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಡಾಪಲೀನ್ ಶುರು ಮಾಡಲು ಮಳೆಗಾಲ ಬಹಳ ಒಳ್ಳೆಯ ಕಾಲ. ಹವೆಯಲ್ಲೇ ತೇವ ಇರುವುದರಿಂದ ಚರ್ಮ ಅಷ್ಟು ಸಿಡಿಯುವುದಿಲ್ಲ, ಬಿಸಿಲೂ ಕಮ್ಮಿ. ಜೂನ್ ಕೊನೆಗೆ ಶುರು ಮಾಡಿದರೆ ಚಳಿಯ ಒಣ ಗಾಳಿ ಬರುವಷ್ಟರಲ್ಲಿ ಚರ್ಮ ಒಗ್ಗಿರುತ್ತದೆ. ಮಾರ್ಚ್‌ನಲ್ಲಿ ಶುರು ಮಾಡಿ ಶಿವಮೊಗ್ಗದ ಬಿಸಿಲಿಗೆ ಹೋಗುವವರ ಪಾಡು ಬೇಡ.

ಹಾಗಾದರೆ ಯಾವುದು? ಅಲ್ಲೊಂದು ಇಲ್ಲೊಂದು ಕೆಂಪಗೆ ಊದಿಕೊಂಡು ಬರುವವರಿಗೆ ಬೆಂಜಾಯಿಲ್ ಪೆರಾಕ್ಸೈಡ್. ಮುಖದ ತುಂಬ ಸಣ್ಣ ಗುಳ್ಳೆ, ಕಪ್ಪು ಚುಕ್ಕೆ, ಹೋದಷ್ಟೇ ಬೇಗ ಮತ್ತೆ ಬರುವ ಮೊಡವೆ ಇದ್ದರೆ ಅಡಾಪಲೀನ್. ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಅಡಾಪಲೀನ್ ಇಟ್ಟುಕೊಳ್ಳುತ್ತೇನೆ. ಎರಡೂ ಸೇರಿದ ಜೆಲ್ ಕೂಡ ಬರುತ್ತದೆ, ಚರ್ಮದ ಡಾಕ್ಟರ್ ಬರೆದುಕೊಟ್ಟರೆ ಒಳ್ಳೆಯದು. ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವವರು ಇದ್ದಾರೆ. ಅದು ಆ್ಯಂಟಿಬಯಾಟಿಕ್. ಒಂಟಿಯಾಗಿ ಬಳಸಿದರೆ ಬ್ಯಾಕ್ಟೀರಿಯಾ ಒಗ್ಗಿಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಒಮ್ಮೆ ಒಂದು ಮೆಡಿಕಲ್ ಶಾಪಿನಲ್ಲಿ ಮೊಡವೆಗೆ ಕ್ರೀಮ್ ಕೇಳಿದಾಗ ಕೊಟ್ಟಿದ್ದರ ಹಿಂದೆ ಮೊಮೆಟಾಸೋನ್ ಅಂತ ಇತ್ತು. ಅದು ಸ್ಟೀರಾಯ್ಡ್. ಅಲ್ಲೇ ವಾಪಸ್ ಕೊಟ್ಟೆ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಕೂಡ ಅದೇ ಜಾತಿ. ಹಚ್ಚಿದ ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ ಮೊಡವೆ. 2018ರಲ್ಲಿ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಹಾಗಿದ್ದರೂ ಟ್ಯೂಬ್ ತಿರುಗಿಸಿ ಹೆಸರು ಓದುವ ಅಭ್ಯಾಸ ನಮ್ಮದಾಗಬೇಕು.

ಮನೆ ಮದ್ದಿನಲ್ಲಿ ತೇಯ್ದ ಗಂಧ ತಂಪು ಕೊಟ್ಟಿತು, ಮೊಡವೆ ಇಳಿಸಲಿಲ್ಲ. ನಿಂಬೆ ರಸ ಬೇಡವೇ ಬೇಡ, ಅದು ಮುಖದ ಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ‘ಉಷ್ಣ ಆಗಿದೆ ಮಾರಾಯ್ತಿ, ತಲೆಗೆ ಎಣ್ಣೆ ಹಾಕು’ ಅಂತ ಅಮ್ಮ ಈಗಲೂ ಹೇಳುತ್ತಾರೆ. ಹಾಕಿಕೊಳ್ಳುತ್ತೇನೆ, ಆದರೆ ರಾತ್ರಿ ಇಡೀ ಬಿಡುವುದಿಲ್ಲ. ಕೊಬ್ಬರಿ ಎಣ್ಣೆ ಹಣೆಗಿಳಿದರೆ ರಂಧ್ರ ಕಟ್ಟುತ್ತದೆ, ಕೂದಲಂಚಿನಲ್ಲಿ ಸಾಲಾಗಿ ಗುಳ್ಳೆ ಏಳುತ್ತದೆ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ ತೊಳೆದರೆ ಅಮ್ಮನಿಗೂ ಸಮಾಧಾನ, ಹಣೆಗೂ ಸಮಾಧಾನ.

ಜಿಡ್ಡು ಮುಖಕ್ಕೆ ಮಾಯಿಶ್ಚರೈಸರ್ ಬೇಡ ಅನ್ನುವ ಮಾತು ಅಡಾಪಲೀನ್ ಹಚ್ಚುವವರಿಗೆ ನಡೆಯುವುದಿಲ್ಲ. ಕ್ಯಾಲಮೈನ್ ಲೋಷನ್ ಬೇಸಿಗೆಯಲ್ಲಿ ಜಿಡ್ಡು ಹೀರಿಕೊಂಡು ಹಾಯೆನಿಸುತ್ತದೆ, ಆದರೆ ಸಿಪ್ಪೆ ಏಳುವ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ನೀರಿನಂಥ ಜೆಲ್ ಮಾಯಿಶ್ಚರೈಸರ್ ವರ್ಷದ ಹೆಚ್ಚಿನ ಭಾಗಕ್ಕೆ ಸರಿ. ಚಳಿಗಾಲಕ್ಕೆ ನಮ್ಮಲ್ಲಿ ಮುರುಗಲು ತುಪ್ಪ (ಕೋಕಂ ಬೀಜದಿಂದ ತೆಗೆಯುವ ಗಟ್ಟಿ ಎಣ್ಣೆ) ಇದೆ. ತುಟಿ, ಹಿಮ್ಮಡಿಗೆ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಕೊಬ್ಬರಿ ಎಣ್ಣೆಯಷ್ಟು ರಂಧ್ರ ಕಟ್ಟದಿದ್ದರೂ ಇಡೀ ಮುಖಕ್ಕೆ ಭಾರ. ಸಿಪ್ಪೆ ಎದ್ದ ತುಟಿಯ ಅಂಚಿಗೆ ಒಂಚೂರು ಸಾಕು.

ಸನ್‌ಸ್ಕ್ರೀನ್ ಕ್ರೀಮ್‌ಗಿಂತ ಜೆಲ್ ಚೆನ್ನ, ಎಸ್‌ಪಿಎಫ್ 30 ಅಥವಾ ಮೇಲೆ. ಮೊಡವೆ ಹೋದ ಮೇಲಿನ ಕಪ್ಪು ಕಲೆ ಬಿಸಿಲಿಗೆ ಗಾಢವಾಗುತ್ತದೆ, ಅದಕ್ಕಾದರೂ ಹಚ್ಚಲೇಬೇಕು.

ಮಳೆಗಾಲದಲ್ಲಿ ಇನ್ನೊಂದು ಬರುತ್ತದೆ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು, ಜೊತೆಗೆ ತುರಿಕೆ. ಮೊಡವೆಯ ಯಾವ ಟ್ಯೂಬಿಗೂ ಬಗ್ಗುವುದಿಲ್ಲ. ಅದು ಚರ್ಮದ ಮೇಲೆ ಯಾವಾಗಲೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ ತೇವಕ್ಕೆ ಹೆಚ್ಚಾಗಿ ಆಗುವ ತೊಂದರೆ. ಇದಕ್ಕೆ ಕೀಟೊಕೊನಜೋಲ್‌ನಂಥ ಶಿಲೀಂಧ್ರದ ಔಷಧಿ ಬೇಕು. ತುರಿಕೆ ಇದೆಯಾ, ಇಲ್ವಾ ಅನ್ನುವುದನ್ನು ಮೊದಲು ಗಮನಿಸಿ. ಅರೆ ಒಣಗಿದ ಟವೆಲ್ ಬೇಡ. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಹೊಗೆ ವಾಸನೆ ಬಂದರೂ ಪರವಾಗಿಲ್ಲ, ಮುಖಕ್ಕೆ ಒಣಗಿದ್ದೇ ಇರಲಿ.

ಒತ್ತಿದರೆ ನೋಯುವ ಆಳದ ಗಂಟು, ಗುಳಿ ಬೀಳುವ ಕಲೆ, ಮುಟ್ಟಿನ ಏರುಪೇರಿನ ಜೊತೆ ಗಲ್ಲದ ಸುತ್ತ ಮೊಡವೆ ಇರುವವರು ಈ ಯಾವ ಟ್ಯೂಬಿನಲ್ಲೂ ತಿಂಗಳು ಕಳೆಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಈಗ ಹಚ್ಚುತ್ತಿರುವ ಟ್ಯೂಬ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.