26 ಕೆಜಿ ಚೀಲ ಒಂದೇ ಜಾಗದಲ್ಲಿ ನಿಲ್ಲಬೇಕು: ಸಾದಾ ಮೋಟರ್, ಡ್ರೈವ್, ಸರ್ವೋ, ಸ್ಟಾಪರ್

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಪ್ಯಾಕಿಂಗ್ ಲೈನ್‌ನಲ್ಲಿ ಹೊಲಿಗೆ ಮುಗಿದ ಸೋನಾ ಮಸೂರಿ ಚೀಲ ಒಂದು ಗಿಡ್ಡ ಬೆಲ್ಟ್ ಮೇಲೆ ಅಡ್ಡ ಬೀಳುತ್ತದೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಆಗ ಮುದ್ರೆ ಯಂತ್ರ ಇಳಿದು ಬ್ಯಾಚ್ ನಂಬರ್, ತಾರೀಖು ಒತ್ತುತ್ತದೆ. ಚೀಲದ ಮೇಲೆ ಇದಕ್ಕಂತಲೇ ಬಿಳಿ ಚೌಕ ಇದೆ. ಮುದ್ರೆ ಅದರೊಳಗೇ ಬೀಳಬೇಕು. ಓಡುವ ಚೀಲದ ಮೇಲೇ ಬರೆಯುವ ಇಂಕ್‌ಜೆಟ್ ಇದ್ದಿದ್ದರೆ ನಿಲ್ಲಿಸುವ ತಲೆನೋವೇ ಇರುತ್ತಿರಲಿಲ್ಲ. ಆದರೆ ಇರುವ ಮುದ್ರೆ ಯಂತ್ರ ಚೆನ್ನಾಗಿದೆ, ಅದನ್ನು ಬಿಸಾಡಲು ಮನಸ್ಸಿಲ್ಲ.

ತೊಂದರೆ ಜಾಸ್ತಿಯಾಗಿದ್ದು ಎರಡು ಅಳತೆಯ ಚೀಲ ಓಡಿಸಲು ಶುರು ಮಾಡಿದ ಮೇಲೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಆಮೇಲೆ ಮಾರುಕಟ್ಟೆಗೆ 26 ಕೆಜಿ ಚೀಲ ಬಂದಿದ್ದು ನಿಮಗೂ ಗೊತ್ತು. ನಮ್ಮಲ್ಲಿ ಈಗ 10 ಕೆಜಿಯದೂ ಓಡುತ್ತದೆ, 26 ಕೆಜಿಯದೂ ಓಡುತ್ತದೆ.

ಯಾವುದನ್ನೂ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆದೆ. ಬಿಳಿ ಚೌಕ 60 ಮಿಮೀ, ಮುದ್ರೆ 40 ಮಿಮೀ. ಅಂದರೆ ಚೀಲ ಹಿಂದೆ ಮುಂದೆ 10 ಮಿಮೀ ಸರಿದರೂ ನಡೆಯುತ್ತದೆ. ಅದಕ್ಕಿಂತ ನಿಖರತೆಗೆ ದುಡ್ಡು ಕೊಟ್ಟರೆ ಅದು ಚೀಲದ ಮೇಲೆ ಎಲ್ಲೂ ಕಾಣುವುದಿಲ್ಲ. ಈ ಅಳತೆ ಮಾಡದೆ ಕೊಟೇಶನ್ ತರಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಪ್ರತಿ ಪರೀಕ್ಷೆಗೂ 20 ಚೀಲ. ಫ್ರೇಮ್ ಮೇಲೆ ಸೀಮೆಸುಣ್ಣದ ಗೆರೆ. ಎಲ್ಲಕ್ಕಿಂತ ಮುಂದೆ ನಿಂತ ಚೀಲಕ್ಕೂ ಎಲ್ಲಕ್ಕಿಂತ ಹಿಂದೆ ನಿಂತದ್ದಕ್ಕೂ ಎಷ್ಟು ಅಂತರ ಅಂತ ನೋಡಿದೆ. ಅದು 20 ಮಿಮೀ ದಾಟಬಾರದು.

ಮೊದಲಿಂದ ಇದ್ದದ್ದು ಸಾದಾ 1 ಎಚ್‌ಪಿ ಮೋಟರ್. ನಿಮಿಷಕ್ಕೆ 1440 ಸುತ್ತು, 40ಕ್ಕೆ 1ರ ಗೇರ್ ಬಾಕ್ಸ್, 150 ಮಿಮೀ ಡ್ರಮ್. ಲೆಕ್ಕ ಹಾಕಿದರೆ ಬೆಲ್ಟ್ ಸೆಕೆಂಡಿಗೆ ಸುಮಾರು 283 ಮಿಮೀ ಓಡುತ್ತದೆ. ಮೋಟರ್‌ಗೆ ಕರೆಂಟ್ ಕೊಟ್ಟು ತೆಗೆಯುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಬಿಡುವುದು 0.1 ಸೆಕೆಂಡ್ ತಡವಾದರೆ ಚೀಲ 28 ಮಿಮೀ ಮುಂದೆ! ಅಂತರ 64 ಮಿಮೀ ಬಂತು. ಹೊಸ ಖರ್ಚು ಸೊನ್ನೆ, ಆದರೆ ಹಾಳಾದ ಮುದ್ರೆಯನ್ನು ಥಿನ್ನರ್ ಹಾಕಿ ಒರೆಸಲು ಒಬ್ಬ ಹುಡುಗ ಇಡೀ ದಿನ ನಿಲ್ಲಬೇಕು.

ಆಮೇಲೆ ಅದೇ ಮೋಟರ್‌ಗೆ ವಿಎಫ್‌ಡಿ ಹಾಕಿದೆವು. ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರ್ ವೇಗ ಏರಿಸಿ ಇಳಿಸುವ ಈ ಪೆಟ್ಟಿಗೆಯನ್ನೇ ಡ್ರೈವ್ ಅನ್ನುವುದು. ನಮಗೆ 9,000 ರೂಪಾಯಿಗೆ ಸಿಕ್ಕಿತು. ಚೀಲ ನಿಲ್ಲುವ ಜಾಗಕ್ಕೆ 250 ಮಿಮೀ ಮೊದಲೇ ಡ್ರೈವ್ 50 ಹರ್ಟ್ಸ್‌ನಿಂದ 10ಕ್ಕೆ ಇಳಿಯುತ್ತದೆ. ಆಗ ವೇಗ ಐದನೇ ಒಂದು ಪಾಲು. ಅದೇ 0.1 ಸೆಕೆಂಡಿನ ತಪ್ಪಿಗೆ ಈಗ 6 ಮಿಮೀ ಅಷ್ಟೇ. ಅಂತರ 14 ಮಿಮೀಗೆ ಇಳಿಯಿತು. ನನಗಾದ ಖುಷಿ ಹೇಳತೀರದು. ಚೀಲ ಬಂದದ್ದನ್ನು ಬೆಳಕಿನಿಂದ ಗುರುತಿಸಲು ಮೊದಲು ಹಾಕಿದ್ದ ಫೋಟೋ ಸೆನ್ಸರ್ ಮಾತ್ರ ತವುಡಿನ ಧೂಳಿಗೆ ಎರಡು ಗಂಟೆಗೊಮ್ಮೆ ಕುರುಡಾಗುತ್ತಿತ್ತು. ಅದನ್ನು ತೆಗೆದು, ಚೀಲ ತಳ್ಳಿದರೆ ಒತ್ತುವ ಲಿಮಿಟ್ ಸ್ವಿಚ್ ಕೂರಿಸಿದೆ. ಧೂಳು ಅದಕ್ಕೆ ಏನೂ ಮಾಡಲಿಲ್ಲ. ಆದರೆ ತಿಂಗಳ ಮೇಲೆ ಬೆಲ್ಟ್ ಸಡಿಲಾಗಿ ಅಂತರ 22 ಆಯಿತು. ಬೆಲ್ಟ್ ಬಿಗಿ ಮಾಡಿದರೆ ಮತ್ತೆ ಸರಿ. ಹೀಗೆ ಆಗಾಗ ಕಾಯುತ್ತಾ ಇರಬೇಕು.

ಸರ್ವೋ ಅಂದರೆ ಎಷ್ಟು ತಿರುಗಬೇಕೋ ಅಷ್ಟೇ ತಿರುಗಿ ನಿಲ್ಲುವ ಮೋಟರ್. ಅದನ್ನು ಒಬ್ಬ ಡೀಲರ್ 15 ದಿನ ಡೆಮೊಗೆ ಕೊಟ್ಟಿದ್ದರು. ಗೇರ್ ಬಾಕ್ಸ್, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ ಎಲ್ಲ ಸೇರಿ 85,000 ಹೇಳಿದರು. ಖಾಲಿ ಬೆಲ್ಟ್ ಮೇಲೆ ಗುರುತು ಹಾಕಿ ಓಡಿಸಿದಾಗ ಕೂದಲೆಳೆಯಷ್ಟೂ ಸರಿಯಲಿಲ್ಲ. ನಿಜಕ್ಕೂ ಬೆರಗಾದೆ. ಚೀಲ ಹಾಕಿದ ಕೂಡಲೇ ಅಂತರ 11 ಮಿಮೀ. ಯಾಕೆ? ಸರ್ವೋಗೆ ಗೊತ್ತಿರುವುದು ತನ್ನ ಶಾಫ್ಟ್ ಎಷ್ಟು ತಿರುಗಿತು ಅಂತ. ಡ್ರಮ್ ಮೇಲೆ ಬೆಲ್ಟ್ ಜಾರಿದ್ದು, ಬೆಲ್ಟ್ ಮೇಲೆ ಚೀಲ ಜಾರಿದ್ದು, ಚೀಲದೊಳಗೆ ಅಕ್ಕಿ ಸರಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. 14ರಿಂದ 11ಕ್ಕೆ ಬರಲು 76,000 ಜಾಸ್ತಿ ಕೊಡಬೇಕಾ? ಎರಡು ಸಲ ಕರೆಂಟ್ ಏರುಪೇರಾಗಿ ಎರರ್ ತೋರಿಸಿ ನಿಂತೂ ಬಿಟ್ಟಿತು. ನಮ್ಮ ಸಾವ್ಕಾರ್ರು ಕೇಳಿದ್ದು ಒಂದೇ ಮಾತು: "ಸುಗ್ಗ್ಯಾಗ ಇದು ಕೆಟ್ಟು ನಿಂತ್ರ ಗಂಗಾವತ್ಯಾಗ ಯಾರು ರಿಪೇರಿ ಮಾಡ್ತಾರ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್ವೋ ಕೆಟ್ಟದ್ದು ಅಂತ ಅಲ್ಲ. 1 ಕೆಜಿ ಪ್ಯಾಕೆಟ್ ಮಾಡುವ ಯಂತ್ರದಲ್ಲಿ ಪ್ಲಾಸ್ಟಿಕ್ ಫಿಲ್ಮ್ ಎಳೆಯಲು ಅದೇ ಸರಿ. ಅಲ್ಲಿ ಫಿಲ್ಮ್ ಮೇಲಿನ ಕಪ್ಪು ಗುರುತನ್ನು ಸೆನ್ಸರ್ ಪ್ರತಿ ಸಲ ನೋಡುತ್ತದೆ, ಎಳೆತ ತಪ್ಪಿದರೆ ತಿದ್ದಿಕೊಳ್ಳುತ್ತದೆ. ಮೆತ್ತನೆ ಚೀಲಕ್ಕೆ, ಸಪಾಟು ಬೆಲ್ಟ್‌ಗೆ ಅದು ಹೊಂದುವುದಿಲ್ಲ.

ಕೊನೆಗೆ ನೋಡಿದ್ದು ಸ್ಟಾಪರ್. ಒಂದು ಏರ್ ಸಿಲಿಂಡರ್ ತಗಡಿನ ತಡೆಯನ್ನು ಮೇಲೆತ್ತುತ್ತದೆ, ಚೀಲ ಬಂದು ಅದಕ್ಕೆ ತಾಗಿ ನಿಲ್ಲುತ್ತದೆ. ಬಣ್ಣ ನೋಡಿ ಕೆಟ್ಟ ಅಕ್ಕಿ ಬೇರ್ಪಡಿಸುವ ಸೋರ್ಟೆಕ್ಸ್ ಯಂತ್ರಕ್ಕೆ ಅಂತ ಕಂಪ್ರೆಸರ್ ಮೊದಲೇ ಇತ್ತು. ಹಾಗಾಗಿ ಸಿಲಿಂಡರ್, ವಾಲ್ವ್, ಪೈಪು, ವೆಲ್ಡಿಂಗ್ ಕೂಲಿ ಸೇರಿ 6,500ರಲ್ಲಿ ಮುಗಿಯಿತು. ಮೊದಲ ದಿನ ಪೂರ್ತಿ ವೇಗದಲ್ಲೇ ಬಿಟ್ಟೆ. ಅದು ನನ್ನ ತಪ್ಪು. ಚೀಲ ಗುದ್ದಿದ ರಭಸಕ್ಕೆ ಅಕ್ಕಿಯೆಲ್ಲ ಮುಂದಕ್ಕೆ ಸರಿದು ಮೂತಿ ಉಬ್ಬಿತು, ಮುದ್ರೆ ಅರ್ಧ ಮೂಡಿತು. ಮರುದಿನ ಡ್ರೈವ್‌ನಿಂದ 10 ಹರ್ಟ್ಸ್‌ಗೆ ಇಳಿಸಿ, ಆಮೇಲೆ ತಡೆಗೆ ತಾಗಿಸಿದೆ. ಅಂತರ 6 ಮಿಮೀ! ಬೆಲ್ಟ್ ಸಡಿಲಾದರೂ ಚೀಲ ನಿಲ್ಲುವ ಜಾಗ ಬದಲಾಗಲಿಲ್ಲ. ಚೀಲ ಎಲ್ಲಿ ನಿಲ್ಲಬೇಕು ಅಂತ ಈಗ ಹೇಳುವುದು ಕಬ್ಬಿಣ, ಮೋಟರ್ ಅಲ್ಲ. ಡ್ರೈವ್ ಮತ್ತು ಸ್ಟಾಪರ್ ಎರಡೂ ಸೇರಿ 15,500. ನಾವು ಉಳಿಸಿಕೊಂಡಿದ್ದು ಇದನ್ನೇ.

ಹಾಕುವವರಿಗೆ ಇನ್ನೆರಡು ಮಾತು. ಸ್ಟಾಪರ್ ಕೂರಿಸುವ ಪಟ್ಟಿಗೆ 10 ಮತ್ತು 26 ಕೆಜಿ ಚೀಲದ ಉದ್ದಕ್ಕೆ ತಕ್ಕಂತೆ ಎರಡು ಕಡೆ ತೂತು ಹಾಕಿಸಿ. ಬೋಲ್ಟ್ ಬದಲಿಸಲು ಐದು ನಿಮಿಷ ಸಾಕು. ತಗಡಿನ ಮುಖಕ್ಕೆ ರಬ್ಬರ್ ಅಂಟಿಸಿ, ಇಲ್ಲದಿದ್ದರೆ ಅಂಚು ತಾಗಿ ಚೀಲ ಹರಿಯುತ್ತದೆ. ಆ ರಬ್ಬರ್ ಮೂರು ತಿಂಗಳಿಗೆ ಸವೆಯುತ್ತದೆ. ನಾವು ಹಳೆ ಬೆಲ್ಟ್‌ನದೇ ತುಂಡು ಕತ್ತರಿಸಿ ಹಾಕುತ್ತೇವೆ.