ಈವ್ ಆನ್‌ಲೈನ್, ಎಲೈಟ್ ಡೇಂಜರಸ್: ನಾನು ಎಲೈಟ್‌ನಲ್ಲೇ ಉಳಿದದ್ದೇಕೆ

ಈವ್ ಆನ್‌ಲೈನ್, ಎಲೈಟ್ ಡೇಂಜರಸ್ ಎರಡೂ ಬಾಹ್ಯಾಕಾಶದಲ್ಲಿ ಹಡಗು ನಡೆಸುವ ಆನ್‌ಲೈನ್ ಕಂಪ್ಯೂಟರ್ ಆಟಗಳು. ಕಳೆದ ವರ್ಷ ಈವ್‌ಗೆ ಒಂದು ತಿಂಗಳ ಒಮೆಗಾ ಚಂದಾ, ಅಂದರೆ ಪೂರ್ತಿ ಸೌಲಭ್ಯದ ಸದಸ್ಯತ್ವದ ಹಣ, ಕಟ್ಟಿದೆ. ಆ ತಿಂಗಳು ಮುಗಿಯುವ ಮೊದಲೇ ಎಲೈಟ್ ಡೇಂಜರಸ್ ಆಟವನ್ನು ರಿಯಾಯಿತಿಯಲ್ಲಿ ಕೊಂಡೆ. ಅಂದಿನಿಂದ ಆಡುತ್ತಿರುವುದು ಅದೊಂದನ್ನೇ. ಎರಡೂ ಕಡೆಯ ಅಭಿಮಾನಿಗಳು ತಮ್ಮ ಆಟವೇ ಹೆಚ್ಚು ನೈಜವೆಂದು ವಾದಿಸುತ್ತಾರೆ, ಎರಡೂ ಕಡೆ ತಮ್ಮದೇ ಆದ ತಮಾಷೆಗಳಿವೆ. ಆಯಾ ಆಟದ ತಮಾಷೆ ಹುಟ್ಟುವುದು ಅದರ ನೈಜತೆಯಿಂದಲೇ ಎಂಬುದು ನಾನು ಕಂಡುಕೊಂಡ ಸಂಗತಿ.

ಈವ್‌ನ ನೈಜತೆ ಇರುವುದು ಮನುಷ್ಯರ ವ್ಯವಹಾರದಲ್ಲಿ, ಬಾಹ್ಯಾಕಾಶದಲ್ಲಲ್ಲ. ಅಲ್ಲಿ ಎಂಜಿನ್ ನಿಲ್ಲಿಸಿದರೆ ಹಡಗು ನೀರಿನ ಮೇಲಿನ ದೋಣಿಯಂತೆ ನಿಧಾನವಾಗಿ ನಿಂತುಬಿಡುತ್ತದೆ; ನಿರ್ವಾತದಲ್ಲಿ ಹಾಗಾಗುವುದಿಲ್ಲ. ಆದರೆ ಜೀಟಾ ಎಂಬ ಪೇಟೆಯಲ್ಲಿ ಆಟಗಾರರೇ ಸರಕು ತಯಾರಿಸಿ, ದರ ಕೂಗಿ, ಒಬ್ಬರಿಗಿಂತ ಒಬ್ಬರು ಇಳಿಸಿ ಮಾರುವುದನ್ನು ನೋಡಿದರೆ ದಾವಣಗೆರೆಯ ಎಪಿಎಂಸಿ ಅಂಗಳವೇ ಕಣ್ಣಮುಂದೆ ಬರುತ್ತದೆ. 2014ರ ಜನವರಿಯಲ್ಲಿ ಒಂದು ಬಾಕಿ ಪಾವತಿಯಾಗದೆ ಉಳಿದದ್ದರಿಂದ ಬಿ-ಆರ್5ಆರ್‌ಬಿ ಎಂಬ ನಕ್ಷತ್ರವ್ಯೂಹದಲ್ಲಿ ಶುರುವಾದ ಕಾಳಗದಲ್ಲಿ ಟೈಟನ್ ಎಂಬ ಅತಿ ದೊಡ್ಡ ಹಡಗುಗಳು 75 ನಾಶವಾದವು. ಈ ಆಟವನ್ನು ಅದರ ಅಭಿಮಾನಿಗಳೇ ಬಾಹ್ಯಾಕಾಶದ ಲೆಕ್ಕದ ಹಾಳೆ ಎಂದು ಕರೆದು ನಗುತ್ತಿದ್ದರು. 2022ರಲ್ಲಿ ಆಟ ತಯಾರಿಸಿದವರು ಎಕ್ಸೆಲ್‌ನೊಂದಿಗೆ ಅದನ್ನು ನಿಜವಾಗಿಯೇ ಜೋಡಿಸುವುದಾಗಿ ಘೋಷಿಸಿದರು. ಮೆಕ್ಕೆಜೋಳದ ಮಂಡಿಯಲ್ಲಿ ಹಗಲೆಲ್ಲ ಲೆಕ್ಕ ಬರೆಯುವ ನನಗೆ ರಾತ್ರಿಯೂ ಅದೇ ಕೆಲಸ ಬೇಡವೆನಿಸಿತು.

ನಾನು ಈವ್ ಬಿಡಲು ನೇರ ಕಾರಣ ಮಾತ್ರ ಕರೆಂಟು. ಈವ್‌ನಲ್ಲಿ ಇನ್ನೊಬ್ಬ ಆಟಗಾರನ ಮೇಲೆ ಗುಂಡು ಹಾರಿಸಿದ ಮೇಲೆ ಸಂಪರ್ಕ ತಪ್ಪಿದರೂ ನಮ್ಮ ಹಡಗು 15 ನಿಮಿಷ ಅಲ್ಲಿಂದ ಮಾಯವಾಗುವುದಿಲ್ಲ. ಸೋಲುವವನು ತಂತಿ ಕಿತ್ತು ಪಾರಾಗಬಾರದೆಂಬ ಈ ನಿಯಮ ನ್ಯಾಯವಾದದ್ದೇ. ಒಂದು ರಾತ್ರಿ, ನನ್ನ ಮೇಲೆ ಬಿದ್ದವನಿಗೆ ನಾನೂ ತಿರುಗಿ ಹೊಡೆಯುತ್ತಿದ್ದಾಗ, ನಮ್ಮ ಬೀದಿಯ ಕರೆಂಟು ಹೋಯಿತು. ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು, ಮೋಡೆಮ್‌ಗೆ ಆ ಆಸರೆ ಇರಲಿಲ್ಲ. ಅದರ ಹಸಿರು ದೀಪಗಳು ಆರಿದವು. ಪರದೆಯ ಮೇಲೆ ಸಂಪರ್ಕ ಕಡಿದ ಸೂಚನೆ ಉಳಿಯಿತು.

ಮೊಬೈಲ್‌ನ ಹಾಟ್‌ಸ್ಪಾಟ್ ಹಚ್ಚಿ ಮತ್ತೆ ಒಳಹೋಗುವಷ್ಟರಲ್ಲಿ ಮೂರು ವಾರ ದುಡಿದು ಕೊಂಡ ಹಡಗು ಹೋಗಿತ್ತು, ಜೊತೆಗೆ ಅದರಲ್ಲಿದ್ದ ಸರಕೂ. ಮೋಡೆಮ್‌ಗೆ ಬೇರೆ ಬ್ಯಾಕಪ್ ಹಾಕಿಸಬಹುದಿತ್ತು. ಆದರೆ ಮಳೆಗಾಲದಲ್ಲಿ ಲೈನೇ ಕೈಕೊಡುವ ನಮ್ಮ ಬಡಾವಣೆಯಲ್ಲಿ ಅದರಿಂದಲೂ ಪೂರ್ತಿ ಭರವಸೆ ಇರಲಿಲ್ಲ. ಎಲೈಟ್‌ಗೂ ಇಂಟರ್‌ನೆಟ್ ಬೇಕು, ಒಬ್ಬರೇ ಆಡುವ ಸೋಲೋ ವಿಧಾನಕ್ಕೂ ಬೇಕು. ಆದರೆ ಸೋಲೋದಲ್ಲಿ ಸಂಪರ್ಕ ತಪ್ಪಿದಾಗಲೆಲ್ಲ, ಮರಳಿ ಬಂದಾಗ ನನ್ನ ಹಡಗು ನನ್ನ ದಾರಿಯಲ್ಲೇ ಕಾದಿತ್ತು.

ಎಲೈಟ್‌ನಲ್ಲಿ ನಮ್ಮ ಕ್ಷೀರಪಥವೇ ಇದೆ, ಅದರ ನಿಜವಾದ ಅಳತೆಯಲ್ಲಿ, 40,000 ಕೋಟಿ ನಕ್ಷತ್ರವ್ಯೂಹಗಳೊಂದಿಗೆ. ಗುರುತ್ವಕ್ಕಾಗಿ ಸುತ್ತುತ್ತಲೇ ಇರುವ ನಿಲ್ದಾಣಕ್ಕೆ 7.5 ಕಿಲೋಮೀಟರ್ ಹತ್ತಿರ ಬಂದು ಅನುಮತಿ ಕೇಳಬೇಕು. ಅಂಚೆ ಡಬ್ಬಿಯ ಬಾಯಿಯಂತಿರುವ ಸೀಳಿನೊಳಗೆ, ಅದು ಸುತ್ತುವ ವೇಗಕ್ಕೆ ಹಡಗನ್ನೂ ಹೊರಳಿಸುತ್ತ ನುಗ್ಗಬೇಕು. ಈವ್‌ನಲ್ಲಿ ಇಷ್ಟೂ ಕೆಲಸ ಒಂದು ಕ್ಲಿಕ್. ಚಳ್ಳಕೆರೆಯಲ್ಲಿ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋ ವಾಹನ ತಾನಾಗಿಯೇ ಓಡುದಾರಿಗೆ ಇಳಿದ ದೃಶ್ಯವನ್ನು ಹತ್ತಾರು ಸಲ ನೋಡಿದ ನನಗೆ ಇಳಿಯುವುದೇ ಆಟದ ಜೀವ.

ಇನ್ನು ತಮಾಷೆ. "ಅಣ್ಣಾ, ಹಟ್ಟನ್ ಆರ್ಬಿಟಲ್‌ಗೆ ಹೋಗಿ ಬಾ, ಅಲ್ಲಿ ಅನಕೊಂಡ ಹಡಗು ಪುಕ್ಕಟೆ ಕೊಡ್ತಾರೆ" ಎಂದು ಹರಿಹರದಲ್ಲಿರುವ ಚಿಕ್ಕಪ್ಪನ ಮಗ ಹೇಳಿದ. ಆಲ್ಫಾ ಸೆಂಟಾರಿಯ ಮುಖ್ಯ ನಕ್ಷತ್ರದಿಂದ ಆ ನಿಲ್ದಾಣ 0.22 ಜ್ಯೋತಿರ್ವರ್ಷ ದೂರ. ಸಾಮಾನ್ಯ ಎಂಜಿನ್ನಿನಲ್ಲಿ ಒಂದು ಗಂಟೆಗೂ ಮೀರಿದ ನೇರ ಪಯಣ. ಅಲ್ಲಿ ಸಿಗುವುದು ಹಟ್ಟನ್ ಮಗ್ ಎಂಬ ಲೋಟ. ಅನಕೊಂಡದಂಥ ದೊಡ್ಡ ಹಡಗು ಇಳಿಯಲು ಅಲ್ಲಿ ಜಾಗವೇ ಇಲ್ಲ. ಹೊಸಬರಿಗೆಲ್ಲ ಹಳಬರು ಹೇಳುತ್ತ ಬಂದಿರುವ ಮಾತಿದು. ದೂರವನ್ನು ನಿಜದ ಅಳತೆಯಲ್ಲಿ ಇಟ್ಟದ್ದರಿಂದಲೇ ಈ ತಮಾಷೆಗೆ ಅರ್ಥ ಬಂದಿದೆ, ಅದರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಜೀಟಾದಲ್ಲಿ ಹಣ ಕಳಿಸಿದರೆ ಇಮ್ಮಡಿ ಮಾಡಿಕೊಡುತ್ತೇವೆಂದು ಕೂಗುವವರ ತಮಾಷೆಗೆ ಬಲಿಯಾದವನು ಮಾತ್ರ ಬರಿಗೈಯಲ್ಲಿ ಉಳಿಯುತ್ತಾನೆ.

ಇಂಧನ ಮುಗಿದು ನಿಂತಾಗ ಫ್ಯೂಯೆಲ್ ರ‍್ಯಾಟ್ಸ್ ಎಂಬ ಆಟಗಾರರ ತಂಡ ಬಿಡಿಗಾಸೂ ಕೇಳದೆ ಇಂಧನ ತಂದುಕೊಟ್ಟಿತು. ಹಡಗಿನ ಆಮ್ಲಜನಕ ಮುಗಿಯುವ ಎಣಿಕೆ ಶುರುವಾಗಿದ್ದರೆ ಮೊದಲು ಆಟದಿಂದ ಹೊರಬನ್ನಿ ಎಂದು ಅವರು ಮತ್ತೆ ಮತ್ತೆ ಎಚ್ಚರಿಸಿದ್ದು ಇನ್ನೂ ನೆನಪಿದೆ.

ಕರೆಂಟು ನೆಚ್ಚಬಹುದಾದ ಊರಿನಲ್ಲಿದ್ದು, ಜೊತೆಗೆ ಆಡಲು ಹತ್ತು ಜನ ಗೆಳೆಯರಿರುವವರಿಗೆ ಈವ್ ಹಿಡಿಸೀತು. ಆರಂಭಿಸಲು ಹಣವೂ ಬೇಕಿಲ್ಲ. ನನಗೆ ಸಿಗುವುದು ರಾತ್ರಿ ಹತ್ತರ ನಂತರದ ಎರಡು ಗಂಟೆ, ಮತ್ತು ತಿಂಗಳು ತಿಂಗಳು ಚಂದಾ ಕಟ್ಟುವುದು ನನ್ನ ಸಂಬಳಕ್ಕೆ ಹೊರೆ. ಎಲೈಟ್‌ಗೆ ಒಮ್ಮೆ ಕೊಟ್ಟರೆ ಮುಗಿಯಿತು. ಜಾಯ್‌ಸ್ಟಿಕ್ ಇಲ್ಲದೆ ಕೀಬೋರ್ಡ್‌ನಲ್ಲೇ ಆಡುತ್ತಿದ್ದೇನೆ.