1969ರ ವರ್ಷಸಂಪುಟ: ತಾರೀಖಿನ ಕ್ರಮವೇ ಇದರ ಬಲ, ಇದರ ತೊಡಕು

1969ರ ವಿಜ್ಞಾನ, ತಂತ್ರಜ್ಞಾನ, ಕ್ರೀಡೆ ಮತ್ತು ಸಂಸ್ಕೃತಿಯ ಮುಖ್ಯ ಘಟನೆಗಳನ್ನು ಕಲೆಹಾಕಿರುವ ಈ ಸಂಪುಟವನ್ನು ನಾನು ಕೊಂಡದ್ದು ಚಂದ್ರನ ಮೇಲಿನ ಮೊದಲ ಹೆಜ್ಜೆಯ ಪುಟಗಳಿಗಾಗಿ. ಆದರೆ ಮತ್ತೆ ಮತ್ತೆ ತೆರೆದು ಓದುತ್ತಿರುವುದು ಬೇರೆ ಪುಟಗಳನ್ನು. ಕ್ರೀಡೆಗೊಂದು, ವಿಜ್ಞಾನಕ್ಕೊಂದು ಭಾಗವೆಂದು ವಿಂಗಡಿಸದೆ ಸಂಪಾದಕರು ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಇಟ್ಟಿರುವುದೇ ಅದಕ್ಕೆ ಕಾರಣ.

ಈ ಜೋಡಣೆಯ ಸೊಗಸು ತಿಳಿಯಬೇಕಾದರೆ ನವೆಂಬರ್ 19ರ ಪುಟ ನೋಡಬೇಕು. ಅಪೊಲೊ 12ರ ಪೀಟ್ ಕಾನ್ರಾಡ್ ಮತ್ತು ಅಲನ್ ಬೀನ್ ಚಂದ್ರನ ಮೇಲೆ ಇಳಿದ ಆ ದಿನವೇ, ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಸಾಂಟೋಸ್ ತಂಡದ ಪೆಲೆ ಪೆನಾಲ್ಟಿ ಒದೆತದಿಂದ ತಮ್ಮ ಸಾವಿರನೆಯ ಗೋಲು ಗಳಿಸಿದರು. ಇವೆರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದಿದ್ದ ನನಗೆ ಒಂದೇ ದಿನ ನಡೆದವು ಎಂಬುದು ಹೊಳೆದಿರಲೇ ಇಲ್ಲ. ಸೆಪ್ಟೆಂಬರ್ 28ರ ಪುಟವೂ ಅಂಥದ್ದೇ. ಅಪೊಲೊ 11 ಅಷ್ಟು ದೂರದಿಂದ ಸುಮಾರು 21.5 ಕೆ.ಜಿ. ಕಲ್ಲುಮಣ್ಣು ತಂದ ಎರಡು ತಿಂಗಳಿಗೆ, ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಆಕಾಶದಿಂದ ತಾನಾಗಿಯೇ ಬಿದ್ದ ಉಲ್ಕಾಶಿಲೆಯ ಚೂರುಗಳು ಒಟ್ಟು 100 ಕೆ.ಜಿ.ಗೂ ಮಿಕ್ಕಿದ್ದವು; ಅವುಗಳಲ್ಲಿ ಮುಂದೆ ಅಮೈನೊ ಆಮ್ಲಗಳು ಪತ್ತೆಯಾದವು. ಬೋಯಿಂಗ್ 747 ಮತ್ತು ಕಾಂಕಾರ್ಡ್ ವಿಮಾನಗಳ ಮೊದಲ ಹಾರಾಟ, ಸ್ಯಾಮ್ಯುಯೆಲ್ ಬೆಕೆಟ್ ಅವರಿಗೆ ಸಂದ ಸಾಹಿತ್ಯದ ನೊಬೆಲ್ ಇವೆಲ್ಲ ಚಿಕ್ಕದಾಗಿ, ಚೊಕ್ಕವಾಗಿ ಬಂದಿವೆ.

ನನಗೆ ನಿಜಕ್ಕೂ ಬೇಸರವಾದದ್ದು ಅಕ್ಟೋಬರ್ 29ರ ಪುಟದಲ್ಲಿ. ಇಂದಿನ ಅಂತರ್ಜಾಲಕ್ಕೆ ಮೂಲವಾದ ಅರ್ಪಾನೆಟ್‌ನ ಮೊದಲ ಸಂದೇಶಕ್ಕೆ ಇಲ್ಲಿ ಸಿಕ್ಕಿರುವುದು ಒಂದೇ ಸಾಲು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದ ಕಳಿಸಲು ಹೊರಟಾಗ ‘ಎಲ್’, ‘ಓ’ ಎಂಬ ಎರಡೇ ಅಕ್ಷರ ತಲುಪಿ ಆಚೆಬದಿಯ ಗಣಕ ಕುಸಿದದ್ದು, ಸುಮಾರು ಒಂದು ಗಂಟೆಯ ಬಳಿಕ ಇಡೀ ಪದ ತಲುಪಿದ್ದು, ಇವುಗಳ ಸುಳಿವೇ ಇಲ್ಲ. ಚಂದ್ರಯಾನದ ಚಿತ್ರಗಳಲ್ಲಿ ಒಂದನ್ನು ಕೈಬಿಟ್ಟಿದ್ದರೂ ಇದಕ್ಕೆ ಜಾಗ ಸಿಗುತ್ತಿತ್ತು.

ತಾರೀಖಿನ ಕ್ರಮಕ್ಕೆ ತನ್ನದೇ ತೊಡಕೂ ಇದೆ. ಟೆನಿಸ್‌ನ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್‌ಗಳನ್ನು ಒಂದೇ ವರ್ಷದಲ್ಲಿ ಗೆದ್ದ ರಾಡ್ ಲೇವರ್ ಅವರ ಸಾಧನೆ ಜನವರಿ, ಜೂನ್, ಜುಲೈ, ಸೆಪ್ಟೆಂಬರ್ ಪುಟಗಳಲ್ಲಿ ಚದುರಿಹೋಗಿದೆ. ಕೊನೆಯಲ್ಲಿ ಅಕಾರಾದಿ ಸೂಚಿಯೊಂದಿದ್ದರೆ ಸಾಕಿತ್ತು. ಅದಿಲ್ಲದ ಕಾರಣ ಹಿಂಬದಿಯ ಖಾಲಿ ಹಾಳೆಯಲ್ಲಿ ನಾನೇ ಪೆನ್ಸಿಲಿನಲ್ಲಿ ಹೆಸರು, ಪುಟಸಂಖ್ಯೆಗಳ ಪಟ್ಟಿ ಮಾಡಿಕೊಂಡು ಓದುತ್ತಿದ್ದೇನೆ.